ಹೇಳಿ ಕೈ ತೊಳ್ಕೊಂಡ್ರೆ ಆಯ್ತಾ?

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಈಗ ಎಲ್ಲರಿಗೂ ಒಂದೊಂದು ಹವ್ಯಾಸ. ಒಬ್ರು ಬಾಲ್ಕನಿಯಲ್ಲಿ ಪುದೀನ ಬೆಳೀತಾರೆ, ಇನ್ನೊಬ್ರು ಹಳೇ ರೇಡಿಯೋ ಬಿಚ್ಚಿ ಜೋಡಿಸ್ತಾರೆ, ಮತ್ತೊಬ್ರು ಅಡುಗೆಮನೆ ಕಸದಲ್ಲಿ ಗೊಬ್ಬರ ಮಾಡ್ತಾರೆ. ಸೋಮವಾರ ಟೀ ಬ್ರೇಕಿನಲ್ಲಿ ಸುಮ್ನೆ ನಿಂತ್ರೂ ಹತ್ತು ಟಿಪ್ಸ್ ಸಿಗುತ್ತೆ. ಒಳ್ಳೇದೇ. ನನ್ನ ಪ್ರಶ್ನೆ ಅದರ ಮುಂದಿನದು: ಹೇಳಿದ ಮೇಲೆ ನಮ್ಮ ಕೆಲಸ ಮುಗೀತಾ?

ನಮ್ಮೂರ ಕಡೆ ನಾಟಿ ವೈದ್ಯರು ಸೊಪ್ಪಿನ ಹೆಸರು ಹೇಳ್ತಿರಲಿಲ್ಲ. ಹೇಳಿಬಿಟ್ರೆ ಮದ್ದು ನಾಟಲ್ಲ ಅನ್ನೋ ನಂಬಿಕೆ. ಬಿಇ ಓದಿ ಬಂದ ನಮಗೆ ಇದು ಬರೀ ಸ್ವಾರ್ಥದ ಹಾಗೆ ಕಾಣುತ್ತೆ. ಎಷ್ಟೋ ಮದ್ದು ಹಾಗೇ ಅವರ ಜೊತೆಗೇ ಮಣ್ಣಾಗಿದ್ದೂ ನಿಜ. ಆದ್ರೆ ಆ ವೈದ್ಯರು ಅದೇ ಊರಲ್ಲಿ ಇರ್ತಿದ್ರು. ಜ್ವರ ಇಳಿಯದಿದ್ರೆ ಮಾರನೇ ದಿನ ಅವರ ಜಗಲಿ ಮೇಲೆ ಕೂತು ಕೇಳಬಹುದಿತ್ತು. ಅವರು ವಿದ್ಯೆ ಬಚ್ಚಿಟ್ಟರೂ ಮುಖ ಬಚ್ಚಿಡ್ತಿರಲಿಲ್ಲ.

ನಮ್ಮ ಕಸುಬಿನ ರೀತಿ ಇದಕ್ಕೆ ತದ್ವಿರುದ್ಧ. ಎಂಐಟಿ ಲೈಸೆನ್ಸ್ ಆಗಲಿ, ಜಿಪಿಎಲ್ ಆಗಲಿ, ಕೋಡನ್ನು ಧಾರಾಳವಾಗಿ ಕೊಡುತ್ತೆ. ಜೊತೆಗೇ, ಇದ್ದದ್ದು ಇದ್ದ ಹಾಗೆ ತಗೊಳ್ಳಿ, ಯಾವ ಗ್ಯಾರಂಟಿಯೂ ಇಲ್ಲ ಅಂತ ಷರತ್ತು ಹಾಕಿರುತ್ತೆ. ಕೋಡಿಗೆ ಇದು ಸರಿ. ಬಿಡುವಿನಲ್ಲಿ ಬರೆದುಕೊಟ್ಟವರನ್ನ ಕೋರ್ಟಿಗೆ ಎಳೆಯೋದು ಅನ್ಯಾಯ. ಆದರೂ ಅಲ್ಲಿ ಬಾಳುವ ಪ್ರಾಜೆಕ್ಟುಗಳು ಯಾವುವು ನೋಡಿ: ಬಗ್ ಹೇಳಿದ್ರೆ ಕೇಳಿಸಿಕೊಳ್ಳೋರು ಇರುವಂಥವು. ಷರತ್ತಿನಲ್ಲಿ ಇಲ್ಲದ ಹೊಣೆಯನ್ನ ಯಾರೋ ಹೊತ್ತಿರ್ತಾರೆ.

ಇವೆರಡರ ನಡುವಿನ ದಾರಿಯನ್ನ ತೋರಿಸಿದ್ದು ಕೃಷಿಕರು. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಪೆನ್ನು ಕೊಟ್ಟಿತು. ಸಂಪಾದಕ ಶ್ರೀಪಡ್ರೆ ಮತ್ತು ಬಳಗ, ಬರೆದು ಅಭ್ಯಾಸವೇ ಇಲ್ಲದ ಬೆಳೆಗಾರರಿಗೆ ತಮ್ಮ ತೋಟದ ಅನುಭವ ಬರೆಯೋಕೆ ಕಲಿಸಿದರು. ನನಗೆ ಹಿಡಿಸಿದ್ದು ಬರಹದ ಕೊನೆಯ ಒಂದು ಸಣ್ಣ ಸಾಲು: ಆ ಕೃಷಿಕರ ಫೋನ್ ನಂಬರು, ಎಷ್ಟೋ ಸಲ ಯಾವ ಹೊತ್ತಿಗೆ ಮಾಡಿದ್ರೆ ಸಿಗ್ತಾರೆ ಅನ್ನೋದೂ ಸೇರಿ. ನಾಳೆ ಯಾರಾದರೂ ಫೋನ್ ಮಾಡಿ ಕೇಳ್ತಾರೆ ಅಂತ ಗೊತ್ತಿರೋರು ಉತ್ಪ್ರೇಕ್ಷೆ ಮಾಡೋದು ಕಷ್ಟ, ಅಲ್ವಾ?

ಬಾಲ್ಕನಿ ಪುದೀನ ಒಣಗಿದ್ರೆ ಯಾರಿಗೇನು ನಷ್ಟ ಅಂತೀರಾ? ಗೊಬ್ಬರದ ವಿಷಯಕ್ಕೆ ಬನ್ನಿ. ಬೆಂಗಳೂರಿನ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ವೈಟ್‌ಫೀಲ್ಡಿನಿಂದ ತುಂಬಾ ದೂರವೇನಲ್ಲದ ಮಂಡೂರಿನಲ್ಲಿ ಅದು ವರ್ಷಗಟ್ಟಲೆ ಬೆಟ್ಟವಾಗಿ ಬಿತ್ತು. ಊರಿನವರು ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಲಾರಿಗಳು ನಿಂತವು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿ ಹೊಂಡಗಳ ಸರದಿ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶ ಕೊಟ್ಟಿತು. ಆದರೆ ಆ ಪದ್ಧತಿಯನ್ನ, ಮನೆಯಲ್ಲೇ ಗೊಬ್ಬರ ಮಾಡೋದನ್ನ, ಅದಕ್ಕೂ ಮುಂಚೆಯೇ ಮನೆಯಿಂದ ಮನೆಗೆ ದಾಟಿಸಿದ್ದು ಹೇಳಿಕೊಟ್ಟು ಜೊತೆಗೆ ನಿಂತ ಸಾಮಾನ್ಯ ಜನ.

ಈಗ ಯೋಚಿಸಿ. “ತುಂಬಾ ಸುಲಭ, ಡಬ್ಬಕ್ಕೆ ಸಿಪ್ಪೆ ಹಾಕ್ತಾ ಹೋಗಿ” ಅಂತ ಅರ್ಧ ಹೇಳಿದೆವು ಅಂದ್ಕೊಳ್ಳಿ. ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಬೆರೆಸದಿದ್ರೆ, ಆಗಾಗ ತಿರುವಿ ಗಾಳಿ ಆಡಿಸದಿದ್ರೆ ಅದು ನಾರುತ್ತೆ. ಬಿಳೀ ಬೂಷ್ಟು ಬಂದ್ರೆ ಗಾಬರಿ ಬೇಡ ಅಂತ ಯಾರೂ ಹೇಳಿರಲ್ಲ. ಅವರು ಮೂರನೇ ವಾರ ಡಬ್ಬ ಹೊರಗಿಟ್ಟು, “ಇದೆಲ್ಲ ನಮ್ಮಂಥೋರಿಗಲ್ಲ” ಅಂತ ಕೈಬಿಡ್ತಾರೆ. ಆ ಕಸ ಮತ್ತೆ ಲಾರಿ ಹತ್ತುತ್ತೆ. ಲೈಕ್ ನಮಗೆ ಬಂತು, ವಾಸನೆ ಹೋಗಿದ್ದು ಯಾವುದೋ ಹಳ್ಳಿಗೆ. ಹೇಳಿದವರೂ ಕೇಳಿದವರೂ ಅಲ್ಲದ ಮೂರನೆಯವರು ಬೆಲೆ ತೆರೋವಾಗ, ಟಿಪ್ಸ್ ಅನ್ನೋದು ಬರೀ ಹವ್ಯಾಸದ ಮಾತಾಗಿ ಉಳಿಯಲ್ಲ.

ಇಷ್ಟೆಲ್ಲ ಹೊಣೆ ಹೊರಿಸಿದ್ರೆ ಯಾರೂ ಬಾಯೇ ಬಿಡಲ್ಲ ಅಂತ ನೀವು ಹೇಳಬಹುದು. ಮಾತಿನಲ್ಲಿ ಹುರುಳಿದೆ. ಪಕ್ಕಾ ಗೊತ್ತಿರೋರು ಮಾತ್ರ ಹೇಳಬೇಕು ಅಂದ್ರೆ ನಾಟಿ ವೈದ್ಯರ ಗುಟ್ಟಿಗೇ ವಾಪಸ್ ಹೋಗ್ತೀವಿ. ನಾನು ಕೇಳ್ತಿರೋದು ಪಾಂಡಿತ್ಯ ಅಲ್ಲ, ಎರಡು ಮಾತು ಜಾಸ್ತಿ ಅಷ್ಟೇ. ಎಲ್ಲಿ, ಎಷ್ಟು ದಿನ ಮಾಡಿ ನೋಡಿದ್ದು ಅನ್ನೋದು ಒಂದು. ಎಲ್ಲಿ ಕೈಕೊಡುತ್ತೆ ಅನ್ನೋದು ಇನ್ನೊಂದು. ಆಮೇಲೆ ಯಾರಾದರೂ ಬಂದು “ನಾರ್ತಿದೆ, ಏನ್ ಮಾಡ್ಲಿ?” ಅಂದ್ರೆ ಒಂದೈದು ನಿಮಿಷ.

ಕೇಳಿದವರಿಗೂ ಒಂದು ಋಣ ಇದೆ. ಮಾಡಿ ನೋಡಿ, ಆಗಿದ್ದೋ ಆಗದ್ದೋ ವಾಪಸ್ ಬಂದು ಹೇಳಬೇಕು. ಇಲ್ದಿದ್ರೆ ಹೇಳಿದವರಿಗೆ ತಮ್ಮ ಮಾತು ಇನ್ನೊಂದು ಮನೆಯಲ್ಲಿ ಹೇಗೆ ನಡೀತು ಅಂತ ಗೊತ್ತಾಗೋದಾದ್ರೂ ಹೇಗೆ?