ಇಂದಿನ ಧಮ್ಮ ಚಿಂತನೆ: ಗಂಟು ಬಿಚ್ಚಿದ್ದು ಕರುಣೆಯೇ?

 

ಹೋದ ವರ್ಷ ನ್ಯುಮೋನಿಯಾ ಆಗಿ ಅಪ್ಪ ಐಸಿಯುನಲ್ಲಿದ್ದರು. ಬಾಯಿಯಿಂದ ಶ್ವಾಸನಾಳಕ್ಕೆ ಟ್ಯೂಬು ಹಾಕಿ ವೆಂಟಿಲೇಟರ್‌ಗೆ ಜೋಡಿಸಿದ್ದರು. ಕಿತ್ತುಕೊಂಡಾರು ಎಂದು ಎರಡೂ ಕೈಗಳನ್ನು ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಜೀತಕ್ಕಿದ್ದ ನಮ್ಮ ತಾತನನ್ನು ಗೌಡರ ಮನೆಯ ಕಂಬಕ್ಕೆ ಕಟ್ಟಿದ ಕಥೆ ಕೇಳಿ ಬೆಳೆದವನು ನಾನು. ನೋಡಲಾಗಲಿಲ್ಲ. ಸಿಸ್ಟರ್ ಬೇಡ ಎಂದಿದ್ದರೂ, ಅವರು ಆಚೆ ತಿರುಗಿದಾಗ ಬಲಗೈ ಗಂಟು ಸಡಿಲಿಸಿ ಬಂದೆ.

ಅರ್ಧ ಗಂಟೆಯೊಳಗೆ ಅಪ್ಪ ಟ್ಯೂಬು ಎಳೆದುಹಾಕಿದ್ದರು. ಅದರ ಒಳತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದು ಧ್ವನಿತಂತುಗಳನ್ನು ಉಜ್ಜಿಕೊಂಡೇ ಹೊರಬಂದಿತ್ತು. ಉಸಿರು ಸಾಲದೆ ಮತ್ತೆ ಹಾಕಬೇಕಾಯಿತು. ಅಪ್ಪ ಬದುಕಿದರು, ಆದರೆ ಧ್ವನಿ ಇಂದಿಗೂ ಒಡಕು. ತಪ್ಪು ಸಿಸ್ಟರ್ ಮೇಲೆ ಬರುವುದರಲ್ಲಿತ್ತು. ಬಿಚ್ಚಿದ್ದು ನಾನೇ ಎಂದು ಒಪ್ಪಿಕೊಂಡೆ.

ಚೇತನವೇ ಕಮ್ಮ ಎಂದರು ಬುದ್ಧರು. ನನ್ನ ಉದ್ದೇಶ ಒಳ್ಳೆಯದಿತ್ತಲ್ಲ ಎಂದು ಬಹಳ ದಿನ ಸಮಾಧಾನ ಪಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಆ ದೃಶ್ಯ ನನಗೆ ಸಹಿಸಲಾಗಲಿಲ್ಲ, ಅದಕ್ಕೇ ಬಿಚ್ಚಿದೆ. ಅಪ್ಪನಿಗೆ ಏನು ಬೇಕೆಂದು ಕೇಳಿರಲೇ ಇಲ್ಲ.

ಹಾಗಂತ ಕಟ್ಟಿದ್ದೇ ಸರಿ ಎನ್ನಲಾರೆ. ಕೈ ಕಟ್ಟಿದ್ದರೂ ಟ್ಯೂಬು ಕಿತ್ತುಕೊಳ್ಳುವವರಿದ್ದಾರೆ. ಕಟ್ಟಿದರೆ ಗಾಬರಿ, ಭ್ರಮೆ ಹೆಚ್ಚಲೂಬಹುದು. ಕಿತ್ತುಕೊಂಡವರಲ್ಲಿ ಹಲವರಿಗೆ ಅದನ್ನು ಮತ್ತೆ ಹಾಕುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದಲೇ ರೋಗಿ ಸ್ವಂತ ಉಸಿರಿಗೆ ಸಿದ್ಧನೇ ಎಂದು ದಿನವೂ ನೋಡಬೇಕಾಗುತ್ತದೆ.

ಮರುದಿನ ಅದೇ ಸಿಸ್ಟರ್ ಡಾಕ್ಟರನ್ನು ಕೇಳಿ ಕಟ್ಟು ಬಿಚ್ಚಿದರು. ಅಪ್ಪನ ಕೈ ಹಿಡಿದು ಕೂತು, "ತಾತ, ಇದು ಉಸಿರಿನ ಪೈಪು. ಅದಕ್ಕೇ ಮಾತು ಬರ್ತಿಲ್ಲ. ಎರಡು ದಿನ ತಡ್ಕೊಳ್ಳಿ" ಎಂದರು. ನಾನು ಶಾಲೆಯಿಂದ ಸ್ಲೇಟು ತಂದುಕೊಟ್ಟೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಅಪ್ಪ ನಡುಗುವ ಕೈಯಲ್ಲಿ ಬರೆದದ್ದು ಒಂದೇ ಪದ: ನೀರು. ಕುಡಿಸುವಂತಿರಲಿಲ್ಲ. ಸಿಸ್ಟರ್ ಹತ್ತಿ ಒದ್ದೆ ಮಾಡಿ ತುಟಿ ತೇವ ಮಾಡಿದರು. ಆಮೇಲೆ ಅಪ್ಪ ಟ್ಯೂಬಿಗೆ ಕೈ ಹಾಕಲಿಲ್ಲ.

1956ರ ಬಿಬಿಸಿ ಭಾಷಣದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮವನ್ನು ಮೆಚ್ಚಲು ಕಾರಣ ಹೇಳುವಾಗ ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಹೇಳಿದರು. ನನ್ನಲ್ಲಿ ಕರುಣೆ ಇತ್ತು, ಪ್ರಜ್ಞೆ ಇರಲಿಲ್ಲ. ಮಾತು ಬಾರದ ರೋಗಿಯನ್ನೂ ಕೇಳಿ ತಿಳಿಯಬೇಕಾದ ಮನುಷ್ಯ ಎಂದು ಕಂಡ ಆ ಹೆಣ್ಣುಮಗಳಲ್ಲಿ ಮೂರೂ ಇದ್ದವು.

ನಮ್ಮ ಮನೆಯಲ್ಲಿ ಯಾರನ್ನು ಕೇಳದೆಯೇ ಅವರ ಒಳ್ಳೆಯದನ್ನು ನಾವು ತೀರ್ಮಾನಿಸುತ್ತಿದ್ದೇವೆ? ಇಂದು ಒಮ್ಮೆ ಅವರ ಪಕ್ಕ ಕೂತು ಕೇಳೋಣ.

ಭವತು ಸಬ್ಬ ಮಂಗಲಂ. ಜೈಭೀಮ್.