ಹೆಗಡೆ ಎಂಬುದು ಯಾರ ಹೆಸರು?

ಕೋಲಸಿರ್ಸಿ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಊರು. ಪಕ್ಕದ ತಾಲೂಕಿನಲ್ಲೇ ಶಿರಸಿಯಂಥ ಪೇಟೆ ಇರುವಾಗ ಬರೀ ‘ಸಿರ್ಸಿ’ ಎಂದರೆ ಈ ಊರಿನ ಗುರುತು ಹತ್ತುವುದಿಲ್ಲ, ಮುಂದೊಂದು ‘ಕೋಲ’ ಬೇಕೇ ಬೇಕು. ಊರಿಗೇ ಈ ಪಾಡಾದರೆ ಮನುಷ್ಯರದು ಇನ್ನೂ ಫಜೀತಿ. 1923ರಲ್ಲಿ ಶುರುವಾದ ಶಿರಸಿಯ ಟಿಎಸ್‌ಎಸ್ ಸೊಸೈಟಿಯ ಅಂಗಳದಲ್ಲಿ, ಅಡಿಕೆ ಚೀಲ ಇಳಿಯುವ ಹೊತ್ತಿಗೆ ಯಾರಾದರೂ ‘ಗಣಪತಿ ಹೆಗಡೇರೇ’ ಎಂದು ಕೂಗಿದರೆ ನಾಲ್ಕಾರು ತಲೆಗಳು ಒಟ್ಟಿಗೆ ತಿರುಗುತ್ತವೆ. ಆಮೇಲೆ ಬರುವುದೇ ಈ ಸೀಮೆಯ ಮೂಲ ಪ್ರಶ್ನೆ: ‘ಯಾವೂರಾತು?’

ಊರು ಹೇಳಿದರೂ ಮುಗಿಯುವುದಿಲ್ಲ. ಒಂದೇ ಊರಿನಲ್ಲಿ ಮೇಲಿನಮನೆ, ಕೆಳಗಿನಮನೆ, ನಡುಮನೆ, ಹೊಸಮನೆ ಇರುತ್ತವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಗಣಪತಿ, ಮಹಾಬಲೇಶ್ವರ, ಸುಬ್ರಾಯ, ತಿಮ್ಮಪ್ಪ, ಪರಮೇಶ್ವರ ಇವೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರು ತಿರುಗಿ ಬರುತ್ತವೆ. ಹಿಂದಿನ ಅಡ್ಡಹೆಸರಂತೂ ಇಡೀ ಘಟ್ಟಕ್ಕೆಲ್ಲ ಒಂದೇ. ಹಾಗಾಗಿ ಇಲ್ಲಿ ಗುರುತಿನ ಕೆಲಸ ಮಾಡುವುದು ಹಿಂದಿನ ಹೆಸರಲ್ಲ, ಮುಂದಿನದು. ಯಕ್ಷಗಾನದವರಿಗೆ ಇದು ಚೆನ್ನಾಗಿ ಗೊತ್ತು. ಚಿಟ್ಟಾಣಿ, ಕೆರೆಮನೆ, ಕೊಂಡದಕುಳಿ, ನೆಬ್ಬೂರು, ಹೊಸ್ತೋಟ ಎಂದರೆ ಸಾಕು, ಕಲಾವಿದನ ಮುಖವೋ ಕಂಠವೋ ಕಣ್ಣೆದುರು ಬರುತ್ತದೆ. ಹಿಂದಿನ ‘ಹೆಗಡೆ’, ‘ಭಾಗವತ’ಗಳನ್ನು ಯಾರೂ ಕೇಳಿಸಿಕೊಳ್ಳುವುದೂ ಇಲ್ಲ.

ಹಾಗಿದ್ದರೆ ಈ ಅಡ್ಡಹೆಸರು ಯಾರದ್ದು? ಹೊತ್ತವನದ್ದೋ, ಕೊಟ್ಟವನದ್ದೋ?

ಹೆಗಡೆಯ ಮೂಲ ಹಳಗನ್ನಡದ ‘ಪೆರ್ಗಡೆ’. ಶಾಸನಗಳಲ್ಲಿ ಅದೊಂದು ಅಧಿಕಾರ, ಊರನ್ನೋ ಸೀಮೆಯನ್ನೋ ನೋಡಿಕೊಳ್ಳುವವನ ಪದವಿ. ಪಕಾರ ಹಕಾರವಾಗುವ ಕಾಲಕ್ಕೆ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆರ್ಗಡೆ ಹೆಗ್ಗಡೆಯಾದ. ಅಧಿಕಾರ ಹೋಯಿತು, ಹೆಸರು ಮಾತ್ರ ಮನೆಯಲ್ಲಿ ಉಳಿಯಿತು. ಅದೂ ಒಂದೇ ಜಾತಿಯ ಮನೆಯಲ್ಲಲ್ಲ. ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿ, 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಹವ್ಯಕ ಬ್ರಾಹ್ಮಣರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆಮೇಲೆ ಲೋಕಸಭೆಯ ಸ್ಪೀಕರರೂ ಆಗಿದ್ದ ಕೆ.ಎಸ್. ಹೆಗ್ಡೆ ಬಂಟರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು, ಅಲ್ಲಿ ಮಾತ್ರ ಆ ಶಬ್ದಕ್ಕೆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಪಟ್ಟ ಏರಿದವರೇ ಹೆಗ್ಗಡೆ. ಮೂರು ಸಮುದಾಯ, ಒಂದೇ ಹೆಸರು, ನಡುವೆ ರಕ್ತಸಂಬಂಧದ ಲೆಕ್ಕವೇ ಇಲ್ಲ.

ಉಳಿದವೂ ಹಾಗೆಯೇ. ಭಟ್ಟ ಎಂದರೆ ಓದಿಕೊಂಡವನು, ಜೋಶಿ ಪಂಚಾಂಗ ನೋಡುವವನು, ದೀಕ್ಷಿತ ಯಜ್ಞದೀಕ್ಷೆ ತೊಟ್ಟವನು. ಕರಾವಳಿ ಕಡೆಯ ಹವ್ಯಕರಲ್ಲಿ ಅಪರೂಪಕ್ಕೆ ಸಿಗುವ ‘ಸಭಾಹಿತ’ ಯಾವುದೋ ಸಭೆಯ ನೆನಪನ್ನು ಹೊತ್ತಿದೆ. ಯಲ್ಲಾಪುರದ ಹವ್ಯಕರಲ್ಲಿ ‘ಗಾಂವ್ಕಾರ’ರಿದ್ದಾರೆ, ಘಟ್ಟ ಇಳಿದು ಅಂಕೋಲೆಗೆ ಹೋದರೆ ನಾಡವರಲ್ಲೂ ಇದ್ದಾರೆ. ಮೂಲ ಒಂದೇ ಆದ ಕುಟುಂಬದಲ್ಲಿ ಪೌರೋಹಿತ್ಯ ಹಿಡಿದ ಕವಲು ಭಟ್ಟರಾಗಿ, ತೋಟ ಹಿಡಿದ ಕವಲು ಹೆಗಡೆಯಾಗಿ ಉಳಿದದ್ದುಂಟು. ಈಗಂತೂ ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಮನೆಯ ಅಣ್ಣನ ಹೆಗಡೆಗೆ ಒಂದು ಅಕ್ಷರ ಹೆಚ್ಚು, ತಮ್ಮನದಕ್ಕೆ ಒಂದು ಕಡಿಮೆ. ಪಾಸ್‌ಪೋರ್ಟ್ ಮಾಡಿಸುವ ದಿನದವರೆಗೆ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಸರಕಾರದ ಅರ್ಜಿಯಲ್ಲಿ ಇಷ್ಟು ಮುಖ್ಯವಾದ ಈ ಹೆಸರಿಗೆ ದೇವರ ಮುಂದೆ ಬೆಲೆ ಎಷ್ಟು ಎಂದು ನೋಡಿದರೆ ತಮಾಷೆಯಾಗಿದೆ. ಪುರೋಹಿತ ಭಟ್ಟರು ಸಂಕಲ್ಪ ಹೇಳಿಸುವಾಗ ಗೋತ್ರ ಕೇಳುತ್ತಾರೆ, ನಕ್ಷತ್ರ, ರಾಶಿ ಕೇಳುತ್ತಾರೆ, ಹೆಸರು ಕೇಳುತ್ತಾರೆ. ಅಡ್ಡಹೆಸರು ಕೇಳುವುದಿಲ್ಲ. ಉಪನಯನವಾದ ಮಾಣಿ ಹಿರಿಯರ ಕಾಲಿಗೆರಗಿ ಅಭಿವಾದನ ಹೇಳುವಾಗ ಪ್ರವರದ ಋಷಿಗಳನ್ನು, ಗೋತ್ರ, ಸೂತ್ರ, ಶಾಖೆಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ. ಕೊನೆಗೆ ತನ್ನ ಹೆಸರಿಗೆ ‘ಶರ್ಮ’ ಸೇರಿಸಿ ನಿಲ್ಲಿಸುತ್ತಾನೆ. ಅಪ್ಪನ ತಿಥಿಯ ದಿನ ಎಳ್ಳುನೀರು ಬಿಡುವಾಗಲೂ ಗೋತ್ರ ಮತ್ತು ಹೆಸರು, ಅಷ್ಟೇ. ಬದುಕಿಡೀ ‘ಹೆಗಡೇರು’ ಎನಿಸಿಕೊಂಡವರು ಸತ್ತ ಹನ್ನೆರಡು ದಿನದೊಳಗೆ ಹೆಗಡೆತನ ಕಳಚಿಕೊಂಡು ಶರ್ಮರಾಗುತ್ತಾರೆ. ಪಿತೃಲೋಕದ ವಿಳಾಸದಲ್ಲಿ ಹೆಗಡೆ ಎಂಬ ಸಾಲೇ ಇಲ್ಲ.

ಹಾಗೆಂದು ‘ಶರ್ಮ’ ಮಾತ್ರ ನಿಷ್ಪಾಪಿ ಬಾಲವೇ? ಬ್ರಾಹ್ಮಣನಿಗೆ ಶರ್ಮ, ಕ್ಷತ್ರಿಯನಿಗೆ ವರ್ಮ, ವೈಶ್ಯನಿಗೆ ಗುಪ್ತ, ಶೂದ್ರನಿಗೆ ದಾಸ ಎಂದು ಸ್ಮೃತಿಗಳು ಹಂಚಿಕೊಟ್ಟದ್ದು ಹೆಸರನ್ನಲ್ಲ, ಕೂರುವ ಜಾಗವನ್ನು. ಆ ಜಾಗ ಬದಲಾಯಿಸಿದವರಲ್ಲಿ ಕನ್ನಡ ನಾಡಿನ ಮಟ್ಟಿಗೆ ಮೊದಲಿಗನಾಗಿ ಕಾಣುವವನು ಇದೇ ಸೀಮೆಯವನು. ತಾಳಗುಂದದ ಕಂಬದ ಶಾಸನ ಮಯೂರಶರ್ಮನ ಕಥೆ ಹೇಳುತ್ತದೆ: ವೇದ ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆಯಾಳಿನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಬನವಾಸಿಯಲ್ಲಿ ಕದಂಬ ರಾಜ್ಯ ಕಟ್ಟಿದ. ಶಾಸನ ಅವನನ್ನು ಶರ್ಮನೆಂದೇ ಕರೆಯುತ್ತದೆ. ಮಗ ಕಂಗವರ್ಮ, ಆಮೇಲೆ ಕಾಕುಸ್ಥವರ್ಮ, ಶಾಂತಿವರ್ಮ, ಎಲ್ಲರೂ ವರ್ಮರು. ಒಂದೇ ತಲೆಮಾರಿನಲ್ಲಿ ಬಾಲ ಬದಲಾಯಿತು. ಐತಿಹ್ಯಗಳ ಕೈಗೆ ಸಿಕ್ಕ ಮೇಲೆ ಮಯೂರನೂ ಮಯೂರವರ್ಮನಾದ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಈ ನಾಡಿನಲ್ಲಿ ನೆಲೆಗೊಳಿಸಿದವನು ಅವನೇ ಎಂಬ ಕಥೆಯೂ ಹುಟ್ಟಿತು. ಶರ್ಮತನ ಬಿಟ್ಟವನೇ ಶರ್ಮರನ್ನು ಕರೆತಂದ ಎಂದಾಯಿತು!

ಅದೇ ಕದಂಬರು ತಮ್ಮನ್ನು ಮಾನವ್ಯ ಗೋತ್ರದವರೆಂದೂ ಹಾರಿತೀಪುತ್ರರೆಂದೂ ಹೇಳಿಕೊಂಡರು. ಅವರಿಗಿಂತ ಮುಂಚೆ ಬನವಾಸಿ ಆಳಿದ ಚುಟು ವಂಶದ ದೊರೆಯೂ ಹಾರಿತೀಪುತ್ರನೇ. ಮಧುಕೇಶ್ವರ ದೇವಸ್ಥಾನದಲ್ಲಿರುವ ಐದು ಹೆಡೆಯ ನಾಗಶಿಲೆಯ ಪ್ರಾಕೃತ ಬರಹದಲ್ಲಿ ಆ ಹೆಸರಿದೆ. ದಾನ ಕೊಟ್ಟ ರಾಜಕುಮಾರಿಯ ಹೆಸರಿದೆ, ನಾಗನನ್ನು ಕಡೆದ ಶಿಲ್ಪಿ ನಟಕನ ಹೆಸರೂ ಇದೆ. ಹಾರಿತಿಯ ಮಗ ಎಂದಮೇಲೆ ದೊರೆಯ ಗುರುತು ಅಪ್ಪನಿಂದಲ್ಲ, ತಾಯಿಯ ಕಡೆಯಿಂದ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಇಲ್ಲಿ ನೆನಪಾಗದೆ ಇರುವುದಿಲ್ಲ. ಗುರು ಹಾರಿದ್ರುಮತ ಗೌತಮ ಗೋತ್ರ ಯಾವುದೆಂದು ಕೇಳಿದಾಗ ಹುಡುಗ ಸುಳ್ಳು ಹೆಣೆಯಲಿಲ್ಲ. ತಾಯಿ ಜಬಾಲೆಗೇ ಅದು ಗೊತ್ತಿಲ್ಲ, ಆದ್ದರಿಂದ ತಾನು ಸತ್ಯಕಾಮ ಜಾಬಾಲ ಎಂದ. ಗುರು ಅವನನ್ನು ಶಿಷ್ಯನಾಗಿ ಒಪ್ಪಿ ಸಮಿತ್ತು ತರಲು ಹೇಳಿದ. ಈ ಕಥೆಯನ್ನು ಸತ್ಯ ಹೇಳಿದ್ದಕ್ಕೆ ಸಿಕ್ಕ ಬಹುಮಾನವೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಕಥೆಯ ನಿಜವಾದ ಖಾರ ಬೇರೆ ಕಡೆ ಇದೆ. ಗೋತ್ರ ಎಂದರೆ ಏನು ಎಂಬ ಪ್ರಶ್ನೆಗೆ ಒಬ್ಬ ಕೆಲಸದ ಹೆಂಗಸಿನ ಹೆಸರೇ ಉತ್ತರವಾಗಿ ಉಪನಿಷತ್ತಿನಲ್ಲಿ ಕುಳಿತಿದೆ. ಧರ್ಮಶಾಸ್ತ್ರಿಗಳು ಆಮೇಲೆ ಸುಲಭದ ದಾರಿ ಹುಡುಕಿದರು: ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಜಬಾಲೆಯ ಉತ್ತರದಷ್ಟು ಧೈರ್ಯದ್ದಲ್ಲ ಅದು.

ಇಂಗ್ಲೆಂಡಿನವರನ್ನು ಕಾಡಿದ ಚಿಂತೆ ಇನ್ನೊಂದು ಬಗೆಯದು. ಅಲ್ಲಿ ಅಡ್ಡಹೆಸರು ತಂದೆಯಿಂದ ಮಗನಿಗೆ ಹೋಗುವ ಆಸ್ತಿ, ಗಂಡುಮಕ್ಕಳಿಲ್ಲದೆ ಹೋದರೆ ಹೆಸರೇ ಅಳಿಯುತ್ತದೆ. ದೊಡ್ಡ ಮನೆತನಗಳ ಹೆಸರುಗಳು ಮಾಯವಾಗುವುದನ್ನು ಕಂಡ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಇದನ್ನು ಲೆಕ್ಕವಾಗಿ ಮುಂದಿಟ್ಟ, ಪಾದ್ರಿ ಹೆನ್ರಿ ವಾಟ್ಸನ್ ಬಿಡಿಸಲು ಕೂತ. ವಾಟ್ಸನ್ ಕೊಟ್ಟ ಉತ್ತರ ಎಲ್ಲ ಹೆಸರುಗಳೂ ಒಂದು ದಿನ ಅಳಿಯುತ್ತವೆ ಎಂಬುದು. ಅದರಲ್ಲಿ ತಪ್ಪಿದೆಯೆಂದು ಮುಂದೆ ಗೊತ್ತಾಯಿತು, ಆದರೆ ಆ ಲೆಕ್ಕದ ದಾರಿ ಇಂದಿಗೂ ವಂಶವಾಹಿಯ ಅಧ್ಯಯನದಲ್ಲಿ ಬಳಕೆಯಲ್ಲಿದೆ. ಹೆಗಡೆಗೆ ಆ ಭಯವಿಲ್ಲ, ಅದು ಯಾರೊಬ್ಬರ ಆಸ್ತಿಯೂ ಅಲ್ಲವಲ್ಲ. ಈ ಸೀಮೆಯಲ್ಲಿ ಅಳಿಯುವುದು ಮನೆಯ ಹೆಸರು. ಮಕ್ಕಳು ಬೆಂಗಳೂರು ಸೇರಿ, ತೋಟ ಗೇಣಿಗೆ ಹೋಗಿ, ಮನೆಗೆ ಬೀಗ ಬಿದ್ದ ಮೇಲೆ ಕೆಳಗಿನಮನೆ ಎಂದರೆ ಯಾವುದೆಂದು ಹೇಳುವವರು ಊರಿನಲ್ಲಿ ಒಬ್ಬಿಬ್ಬರು.

ಹೆಸರು ಉಳಿಸಿಕೊಳ್ಳುವವರ ಮಾತಾಯಿತು. ಬಿಡಲು ಹೊರಟವರದ್ದೇನು? ಅದನ್ನು ನೋಡಲು ಸೋಂದಾಕ್ಕಿಂತ ಒಳ್ಳೆಯ ಜಾಗವಿಲ್ಲ. ಶಿರಸಿ ತಾಲೂಕಿನ ಈ ಒಂದು ಊರಿನ ಆಸುಪಾಸಿನಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠ, ವಾದಿರಾಜರ ಬೃಂದಾವನವಿರುವ ಮಾಧ್ವ ಮಠ, ಸ್ವಾದಿಯ ಜೈನ ಮಠ ಮೂರೂ ಇವೆ. ಅದ್ವೈತ ಸಂನ್ಯಾಸಿ ಬದುಕಿರುವಾಗಲೇ ತನ್ನ ಶ್ರಾದ್ಧ ತಾನೇ ಮಾಡಿಕೊಳ್ಳುತ್ತಾನೆ. ಶಿಖೆ, ಜನಿವಾರ, ಗೋತ್ರ, ಹೆಸರು ಎಲ್ಲ ಬಿಡುತ್ತಾನೆ. ಹಳೆಯ ಹಿಂದೂ ಕಾನೂನಿನ ಪ್ರಕಾರವೂ ಅವನು ಮನೆಯ ಪಾಲಿಗೆ ಸತ್ತವನೇ. ಹೀಗೆ ಎಲ್ಲ ಬಿಟ್ಟವನ ಹೊಸ ಹೆಸರಿನ ಹಿಂದೆ ಏನು ಬಂದು ಕೂರುತ್ತದೆ? ‘ಸರಸ್ವತಿ’! ತೀರ್ಥ, ಆಶ್ರಮ, ವನ, ಅರಣ್ಯ, ಗಿರಿ, ಪರ್ವತ, ಸಾಗರ, ಸರಸ್ವತಿ, ಭಾರತಿ, ಪುರಿ, ಈ ದಶನಾಮಗಳಲ್ಲಿ ಒಂದು. ಸಂನ್ಯಾಸಿಗೂ ಅಡ್ಡಹೆಸರು ತಪ್ಪಲಿಲ್ಲ. ಇದರ ಉಪಯೋಗ ಗೃಹಸ್ಥರಿಗೇ ಹೆಚ್ಚು: ಗುರುಗಳ ಹೆಸರು ಸರಸ್ವತಿ ಎಂದು ಮುಗಿದರೆ ಸ್ವರ್ಣವಲ್ಲಿಯ ಶಿಷ್ಯರು, ಭಾರತಿ ಎಂದು ಮುಗಿದರೆ ರಾಮಚಂದ್ರಾಪುರ ಮಠದ ಕಡೆಯವರು ಎಂದು ಹವ್ಯಕರ ಮನೆಗಳು ಲೆಕ್ಕ ಹಾಕುತ್ತವೆ. ಹೆಸರು ಬಿಟ್ಟವರ ಹೆಸರು ಸಂಸಾರಿಗಳ ಸೀಮೆಗಲ್ಲಾಯಿತು.

ಮಾಧ್ವ ಯತಿಗಳ ಹೆಸರಿನ ಕೊನೆಗೆ ‘ತೀರ್ಥ’. ಜೀವರು ಒಬ್ಬರಿಗಿಂತ ಒಬ್ಬರು ಬೇರೆ, ಮೋಕ್ಷದಲ್ಲೂ ಬೇರೆಯೇ ಎನ್ನುವ ತತ್ವಕ್ಕೆ ಹೆಸರಿನ ಬಗ್ಗೆ ಅದ್ವೈತಿಯಷ್ಟು ಮುಜುಗರ ಇರಬೇಕಾಗಿಲ್ಲ. ಸೋಜಿಗವೆನಿಸುವುದು ಜೈನರ ಕ್ರಮ. ಸ್ವಾದಿ ಮಠದ ಪೀಠ ಏರಿದವರು ಭಟ್ಟಾಕಳಂಕ ಭಟ್ಟಾರಕರು. ಶ್ರವಣಬೆಳಗೊಳದಲ್ಲಿ ಚಾರುಕೀರ್ತಿಗಳು ಇರುವಂತೆ, ಹೆಸರು ಪೀಠದ್ದು, ವ್ಯಕ್ತಿ ಅದರೊಳಗೆ ಬಂದುಹೋಗುತ್ತಾನೆ. 1604ರಲ್ಲಿ ಸಂಸ್ಕೃತದಲ್ಲಿ ಕನ್ನಡದ ವ್ಯಾಕರಣ ಬರೆದವನ ಹೆಸರೂ ಭಟ್ಟಾಕಳಂಕನೇ. ಬಾಲ ಮಾತ್ರವಲ್ಲ, ಇಡೀ ಹೆಸರನ್ನೇ ಗದ್ದುಗೆಗೆ ಬಿಟ್ಟುಕೊಡುವುದು ಹೆಸರಿನಿಂದ ಬಿಡಿಸಿಕೊಳ್ಳುವ ಪ್ರಾಮಾಣಿಕ ದಾರಿ ಎನಿಸುತ್ತದೆ. ನನ್ನದು ಎನ್ನಲು ಅಲ್ಲಿ ಅಕ್ಷರವೂ ಉಳಿಯುವುದಿಲ್ಲ.

ಬಿಡುವ ಮಾತು ಸೋಂದಾದಲ್ಲಿ ಸರಿ. ಯಲ್ಲಾಪುರದ ಕಾಡಿನಂಚಿನ ಸಿದ್ದಿಗಳ ಕೇರಿಯಲ್ಲಿ ಅದನ್ನೇ ಹೇಳಹೊರಟರೆ ನಾಲಿಗೆ ತಡೆಯುತ್ತದೆ. ಆಫ್ರಿಕಾದಿಂದ ಗುಲಾಮರಾಗಿ ಹಡಗೇರಿ ಬಂದವರ ಸಂತತಿ ಅದು. ಅವರು ಅಲ್ಲಿಂದ ತಂದ ಹೆಸರುಗಳನ್ನು ಬಿಟ್ಟದ್ದಲ್ಲ, ಕಿತ್ತುಕೊಳ್ಳಲಾಯಿತು. ಕ್ರೈಸ್ತ ಸಿದ್ದಿಗಳ ಹೆಸರಿನ ಹಿಂದೆ ಗೋವೆಯ ಪೋರ್ಚುಗೀಸ್ ದಿನಗಳ ಫರ್ನಾಂಡಿಸ್‌ನಂಥ ಹೆಸರುಗಳಿವೆ. ‘ಸಿದ್ದಿ’ಯೂ ಹೊರಗಿನದೇ, ಒಡೆಯನೆಂಬ ಅರ್ಥದ ಅರಬ್ಬಿ ಗೌರವದ ಮಾತಿನಿಂದ ಬಂದದ್ದೆನ್ನುತ್ತಾರೆ. ಒಡೆಯ ಎಂಬ ಶಬ್ದ ಆಳಾಗಿ ಬಂದವರ ಗುರುತಾಗಿ ನಿಂತಿದೆ. ಆದರೆ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಧರ್ಮಗಳಲ್ಲಿ ಹಂಚಿಹೋದ ಜನಕ್ಕೆ ಒಟ್ಟಾಗಿ ಉಳಿದದ್ದು ಆ ಎರಡಕ್ಷರ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಅಲ್ಲಿ ಕುಳಿತ ಮೊದಲ ಸಿದ್ದಿಯಾದರು. ಹೆಸರು ಬರೀ ಸಂಕೇತ, ಮಡಕೆಯಲ್ಲಿ ಮಣ್ಣೇ ನಿಜ ಎಂಬ ಉಪನಿಷತ್ತಿನ ಮಾತು ಹೆಗಡೆಗೆ ವೇದಾಂತ. ಸಿದ್ದಿಗೆ ಆ ವೇದಾಂತ ಹೇಳುವ ಮೊದಲು ಅವನ ಮಡಕೆ ಒಡೆದವರು ಯಾರೆಂದು ಕೇಳಿಕೊಳ್ಳಬೇಕಾಗುತ್ತದೆ.

ಸಿದ್ದಿಗಳ ಮನೆಯಲ್ಲಿ ‘ಹಿರಿಯರು’ ಎಂದು ತೆಂಗಿನಕಾಯಿ ಇಟ್ಟು ಪೂಜಿಸುತ್ತಾರೆ. ಯಾವ ಹಿರಿಯ, ಯಾರ ಅಜ್ಜ ಎಂಬುದಿಲ್ಲ. ಹಡಗಿನಿಂದ ಇಳಿದವರು, ಕಾಡು ಸೇರಿದವರು ಎಲ್ಲರೂ ಒಂದೇ ಕಾಯಿಯಲ್ಲಿ.

ಆ ಕಾಯಿಯಿಂದ ಸಂಸ್ಕೃತದ ಶ್ರಾದ್ಧ ಅಷ್ಟೇನೂ ದೂರವಿಲ್ಲ. ಅಲ್ಲಿ ಹೆಸರು ಹಿಡಿದು ಪಿಂಡ ಕೊಡುವುದು ಮೂರು ತಲೆಮಾರಿಗೆ ಮಾತ್ರ. ಅಪ್ಪ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಮಗ ತೀರಿಕೊಂಡು ಮೊಮ್ಮಗ ದರ್ಭೆ ಹಿಡಿದ ದಿನ ಮುತ್ತಜ್ಜನ ಹೆಸರು ಸಾಲಿನಿಂದ ಬಿದ್ದುಹೋಗುತ್ತದೆ. ಅವನಿಗೂ ಅವನ ಹಿಂದಿನವರಿಗೂ ಶಾಸ್ತ್ರ ಬೇರೆ ಏರ್ಪಾಡು ಮಾಡಿದೆ. ಪಿಂಡ ಇಟ್ಟ ಮೇಲೆ ಕರ್ತೃ ಕೈಗೆ ಅಂಟಿದ ಅನ್ನವನ್ನು ದರ್ಭೆಯ ಬುಡಕ್ಕೆ ಒರೆಸುತ್ತಾನೆ. ನಾಲ್ಕಾರು ಅಗುಳು, ಒಂದಿಷ್ಟು ಎಳ್ಳು. ಅದು ಅವರದ್ದು. ಆ ಹೊತ್ತಿಗೆ ಹೊರಗೆ ಜಗುಲಿಯಲ್ಲಿ ಬಾಳೆಲೆ ಹಾಸಿಯಾಗಿರುತ್ತದೆ. ಒಳಗಿನಿಂದ ಯಾರೋ ಕೇಳುತ್ತಾರೆ, ‘ಭಟ್ರೇ, ಆತಾ?’