ಹೂ ಮುಗಿದ ಮೇಲಿನ ಗಡ್ಡಿ

ಟ್ಯುಲಿಪ್ ಗಡ್ಡಿಗೆ ಚಳಿ ಬೇಕೇಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಹತ್ತಿರದ ತೋಟದಲ್ಲಿ ಆ ಚಳಿಯನ್ನು ಹೊರಗಿನ ನೆಲವೇ ಕೊಡುತ್ತದೆ. ನಮ್ಮ ಜಯಸಿಂಗಪುರದ ಕಡೆ ಅಂಥ ಚಳಿ ಎಲ್ಲಿಂದ ಬರಬೇಕು? ಗಡ್ಡಿಯನ್ನು 12-14 ವಾರ ಫ್ರಿಜ್ಜಿನಲ್ಲಿಡಬೇಕು. ಪಕ್ಕದಲ್ಲಿ ಹಣ್ಣು ಇಡಬಾರದು. ಮಾಗುವ ಹಣ್ಣಿನ ಗಾಳಿಗೆ ಒಳಗಿನ ಮೊಗ್ಗು ಕೆಡುತ್ತದೆ. ಆಮೇಲೆ ಕುಂಡದಲ್ಲಿ ಹಚ್ಚಿ, ಮನೆಯೊಳಗೆ ಬೆಳಕಿದ್ದ ತಂಪು ಜಾಗದಲ್ಲಿ ಇಡಬೇಕು. ಇಷ್ಟಾದರೂ ಒಂದೇ ಸಲದ ಹೂ. ತಾಯಿಗಡ್ಡಿ ಬತ್ತುತ್ತದೆ, ಮರಿಗಡ್ಡಿ ನಮ್ಮ ಸೆಕೆಗೆ ಬಲಿಯುವುದಿಲ್ಲ. ಕಡೆಗೆ ತಿಪ್ಪೆಗೆ ಎಸೆಯುತ್ತಾರೆ.

ಹಾಗಾದರೆ ಈ ಜೋಪಾನ ಗಡ್ಡಿಯ ಮೇಲಿನ ಪ್ರೀತಿಯೋ, ಬರೀ ಹೂವಿನ ಆಸೆಯೋ?

ನಿಶಿಗಂಧ ನೋಡ್ರಿ. ಒಮ್ಮೆ ಹಚ್ಚಿದರೆ ಎರಡು-ಮೂರು ವರ್ಷ ಅದೇ ಮಡಿಯಲ್ಲಿ ಹೂ ಬಿಡುತ್ತದೆ. ಮರಿಗಡ್ಡಿ ಕಿತ್ತು ನೆರೆಮನೆಗೂ ಕೊಡಬಹುದು. "ಅದೂ ಮೆಕ್ಸಿಕೋದಿಂದ ಬಂದದ್ದೇ ಅಲ್ಲೇನ್ರಿ?" ಅಂದರೆ, ಖರೆ. ಹೊರಗಿನದು ಅನ್ನುವ ತಕರಾರು ನನ್ನದಲ್ಲ. ಬಂದದ್ದಕ್ಕೆ ಇಲ್ಲಿ ಬಾಳುವೆ ಉಂಟೋ ಇಲ್ಲವೋ, ಅದನ್ನು ನಾವು ಮೊದಲೇ ಯೋಚಿಸಿದೆವೋ ಇಲ್ಲವೋ ಎಂಬುದು ಪ್ರಶ್ನೆ.

ಶಾಲೆಯ ಮಕ್ಕಳಿಗೆ ತೋರಿಸಲು ಒಂದು ಟ್ಯುಲಿಪ್ ಬೆಳೆಸಿದರೆ ತಪ್ಪಿಲ್ಲ. ಅವರ ಬೆರಗೂ ಒಂದು ಫಲವೇ. ಆದರೆ ಹೂ ಉದುರಿದ ಮೇಲೂ, ಎಲೆ ಹಳದಿ ಆಗುವ ತನಕ ಅವರ ಕೈಯಿಂದಲೇ ನೀರು ಹಾಕಿಸಬೇಕು. ಮುದಿ ಎತ್ತಿಗೆ ಮೇವು ಹಾಕೋದನ್ನ ಮಕ್ಕಳು ಇನ್ನೆಲ್ಲಿ ಕಲಿತಾರು?